ಹತ್ತಿ ಕೆಂಪಾಗ್ಲಿಲ್ಲ ತಾನೇ, ತಿನ್ನಿ ಹಾಗಾದ್ರೆ

ಮಾರ್ಚ್ ಬಂದ್ರೆ ಸಾಕು, ಮನೆಮನೇಲೂ ಒಂದೊಂದು ಕಲ್ಲಂಗಡಿ ಪ್ರಯೋಗಾಲಯ ಶುರು. ಫ್ಯಾಮಿಲಿ ಗ್ರೂಪಲ್ಲಿ ಮೊದಲು ಹಣ್ಣಿಗೆ ಬಣ್ಣದ ಇಂಜೆಕ್ಷನ್ ಚುಚ್ಚೋ ವಿಡಿಯೋ, ಅದರ ಹಿಂದೇನೇ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಹೇಳಿಕೊಟ್ಟ ಹತ್ತಿ ಪರೀಕ್ಷೆ: ಹಣ್ಣು ಕುಯ್ದು ತಿರುಳಿಗೆ ಹತ್ತಿ ಉಜ್ಜಿ, ಹತ್ತಿ ಕೆಂಪಾದ್ರೆ ಎರಿಥ್ರೋಸಿನ್ ಬಣ್ಣ ಬೆರೆಸಿದಾರೆ ಅಂತ ಅರ್ಥ. ಮಾವನೋರು ಅಡುಗೆಮನೇಲಿ ನಿಂತ್ಕೊಂಡು ಉಜ್ಜಿ, ಕಿಟಕಿ ಬೆಳಕಿಗೆ ಹಿಡಿದು ನೋಡಿ, "ಏನಿಲ್ಲಮ್ಮ, ಕ್ಲೀನಾಗಿದೆ, ಮಕ್ಳಿಗೆ ಕೊಡು" ಅಂತ ಸರ್ಟಿಫಿಕೇಟ್ ಕೊಟ್ಬಿಡ್ತಾರೆ. ಹೊಲದ ಮಣ್ಣು, ಲಾರಿ, ಮಂಡಿ ನೆಲ ಎಲ್ಲಾ ಸುತ್ಕೊಂಡು ಬಂದ ಆ ಸಿಪ್ಪೆನ ಮಾತ್ರ ಯಾರೂ ತೊಳೆದಿರಲ್ಲ. ಅದರ ಮೇಲೇನೇ ಚಾಕು ಇಟ್ಟು ಎಳೀತಾರೆ, ಸಿಪ್ಪೆ ಮೇಲೆ ಹೊಟ್ಟೆ ಕೆಡಿಸೋ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇದ್ರೆ ಅದೂ ಚಾಕು ಜೊತೆ ಆರಾಮಾಗಿ ತಿರುಳಿಗೆ ಇಳಿಯುತ್ತೆ, ಹತ್ತಿ ಮಾತ್ರ ಬೆಳ್ಳಗೇ ಇರುತ್ತೆ.

ನಮಗೆ ಕಣ್ಣಿಗೆ ಕಾಣೋ ಪಾಪ ಮಾತ್ರ ಪಾಪ. 2024ರ ಮಾರ್ಚಲ್ಲಿ ಗೋಬಿಗೆ ಕೃತಕ ಬಣ್ಣ ಹಾಕೋದನ್ನ ನಮ್ಮ ಸರ್ಕಾರ ನಿಷೇಧ ಮಾಡ್ತು, ಒಳ್ಳೇದೇ ಮಾಡ್ತು. ಆದ್ರೆ ಬ್ಯಾಕ್ಟೀರಿಯಾಗೆ ಬಣ್ಣನೂ ಇಲ್ಲ, ಎಷ್ಟೋ ಸಲ ವಾಸನೆನೂ ಇಲ್ಲ, ಹಾಗಾಗಿ ಅದು ಯಾರ ಕಣ್ಣಿಗೂ ಬೀಳಲ್ಲ. ಕಾಲರಾ ಸುದ್ದಿ ಬಂದಾಗ ಮಾತ್ರ "ಕತ್ತರಿಸಿದ ಹಣ್ಣನ್ನು ತೆರೆದಿಟ್ಟು ಮಾರುವಂತಿಲ್ಲ" ಅಂತ ಒಂದು ಆದೇಶ ಹೊರಡುತ್ತೆ. ತಳ್ಳುಗಾಡಿ ಅಣ್ಣ ಪಾಪ ಕಾನೂನಿಗೆ ತಲೆಬಾಗಿ ಗಾಜಿನ ಪೆಟ್ಟಿಗೆ ತರ್ತಾನೆ. ಈಗ ನೊಣ ಹೊರಗಡೆ, ಬ್ಯಾಕ್ಟೀರಿಯಾ ಒಳಗಡೆ, ಮೇಲೆ ಬಿಸಿಲು, ಮತ್ತೆ ಹೋಳು ಥಳಥಳ ಅನ್ನಲಿ ಅಂತ ಒಂದು ಬಲ್ಬ್ ಬೇರೆ. ಪೆಟ್ಟಿಗೆ ಒಳಗೆ ಎಷ್ಟು ಡಿಗ್ರಿ ಇದೆ ಅಂತ ಆದೇಶನೂ ಕೇಳಲ್ಲ, ನಾವೂ ಕೇಳಲ್ಲ, "ಅಣ್ಣಾ, ಖಾರ ಸ್ವಲ್ಪ ಜಾಸ್ತಿ ಹಾಕಿ" ಅಷ್ಟೇ.

ಅನಾನಸ್ ಆದ್ರೆ ಅದರ ಹುಳಿನೇ ಒಂದಿಷ್ಟು ಕಾವಲು ಕಾಯುತ್ತೆ, ಹುಳಿ ಅಳೆಯೋ ಪಿಎಚ್ (ಕಮ್ಮಿ ಇದ್ದಷ್ಟೂ ಹುಳಿ ಜಾಸ್ತಿ) ಸಾಮಾನ್ಯವಾಗಿ 4ರ ಕೆಳಗೇ ಇರುತ್ತೆ. ಕಲ್ಲಂಗಡಿ, ಕರಬೂಜ, ಪರಂಗಿ ಸಪ್ಪೆ ಜನ, ಪಿಎಚ್ 5ರ ಮೇಲೆ, ಯಾರು ಬಂದ್ರೂ ಬಾಗಿಲು ತೆಗೀತಾರೆ. ಅಮೆರಿಕದ ಆಹಾರ ಸುರಕ್ಷತೆ ನಿಯಮಾವಳಿ ಫುಡ್ ಕೋಡ್ ಕುಯ್ದ ಕಲ್ಲಂಗಡಿ, ಕರಬೂಜನ ಹಾಲು ಮಾಂಸದ ಸಾಲಲ್ಲೇ ಕೂರಿಸಿ 5 ಡಿಗ್ರಿ ಒಳಗೆ ಇಡಿ ಅನ್ನುತ್ತೆ. ಅನುಕೂಲ ಸಿಕ್ರೆ ಕೆಲವು ಬ್ಯಾಕ್ಟೀರಿಯಾ 20 ನಿಮಿಷಕ್ಕೊಮ್ಮೆ ಡಬಲ್ ಆಗುತ್ತೆ, ಅಂದ್ರೆ ಲೆಕ್ಕದ ಪ್ರಕಾರ ಬೆಳಗ್ಗೆ 11ಕ್ಕೆ ಒಂದು ಇದ್ದದ್ದು ಸಂಜೆ 6ಕ್ಕೆ 20 ಲಕ್ಷ ದಾಟುತ್ತೆ. ಯಾವ ಪಕ್ಷದ ಸದಸ್ಯತ್ವ ಅಭಿಯಾನಕ್ಕೂ ಈ ಸ್ಪೀಡ್ ಇಲ್ಲ, ಅದೂ ಮಿಸ್ಡ್ ಕಾಲ್ ಕೊಡದೇನೇ.

"ನಾವು ಫ್ರಿಜ್ಜಲ್ಲಿ ಇಡ್ತೀವಪ್ಪ" ಅನ್ನೋರಿಗೂ ಒಂದು ಸಮಾಚಾರ. ಫ್ರಿಜ್ ಬ್ಯಾಕ್ಟೀರಿಯಾನ ಕೊಲ್ಲಲ್ಲ, ನಿಧಾನ ಮಾಡುತ್ತೆ. ಲಿಸ್ಟೀರಿಯಾ ಅಂತ ಒಂದಿದೆ, ಅದು ಆ ಚಳಿಯಲ್ಲೂ ಸಂಸಾರ ಬೆಳೆಸುತ್ತೆ. 2011ರಲ್ಲಿ ಅಮೆರಿಕದ ಕೊಲೊರಾಡೋದ ಒಂದೇ ತೋಟದ ಕರಬೂಜದಲ್ಲಿದ್ದ ಈ ಲಿಸ್ಟೀರಿಯಾದಿಂದ 33 ಜನ ಸತ್ರು. ಅದು ಬಂದಿದ್ದು ತೋಟದ ಪ್ಯಾಕಿಂಗ್ ಶೆಡ್ಡಿಂದ, ಅಲ್ಲಿ ನಮ್ಮ ತಳ್ಳುಗಾಡಿನೂ ಇರ್ಲಿಲ್ಲ, ಚಾಟ್ ಮಸಾಲಾನೂ ಇರ್ಲಿಲ್ಲ.

ಇಷ್ಟೆಲ್ಲಾ ಕೇಳಿದ ಮೇಲೆ ಅಪಾರ್ಟ್‌ಮೆಂಟಿನವ್ರು ಏನ್ಮಾಡ್ತಾರೆ? ಅಸೋಸಿಯೇಶನ್ ಮೀಟಿಂಗ್ ಕರೆದು, ಗೇಟ್ ಮುಂದಿನ ಹಣ್ಣಿನ ಗಾಡಿ ಎತ್ತಂಗಡಿ, ಕಾರಣ ಹೈಜೀನ್. ಆಮೇಲೆ ಅದೇ ಪದಾಧಿಕಾರಿಗಳು ಆ್ಯಪಲ್ಲಿ ಕಟ್ ಫ್ರೂಟ್ ಬೌಲ್ ಆರ್ಡರ್ ಮಾಡ್ತಾರೆ. ಅಲ್ಲೆಲ್ಲೋ ಯಾರೋ ಯಾವಾಗಲೋ ಕುಯ್ದು ತುಂಬಿದ್ದು, ಹತ್ತೇ ನಿಮಿಷದಲ್ಲಿ ಗೇಟಿಗೆ ಬರುತ್ತೆ. ಸೆಕ್ಯೂರಿಟಿ ಇಂಟರ್‌ಕಾಮ್ ಮಾಡಿದ್ರೆ "ಕಾಲಲ್ಲಿದೀನಪ್ಪ, ಅಲ್ಲೇ ಇಟ್ಟಿರು" ಅಂತಾರೆ, ಪರಂಗಿ ಹೋಳು ಮಧ್ಯಾಹ್ನ ಪೂರ್ತಿ ರಿಜಿಸ್ಟರ್ ಬುಕ್ ಪಕ್ಕದಲ್ಲಿ ಬೆವರ್ತಾ ಕೂತಿರುತ್ತೆ. ಸಂಜೆ ಇಳಿದು ಬಂದು ತಗೊಂಡು ಹೋಗಿ, ಮುಚ್ಚಳ ತೆಗೆಯೋಕೆ ಮುಂಚೇನೇ ಆ್ಯಪಲ್ಲಿ ಫ್ರೆಶ್‌ನೆಸ್‌ಗೆ ಐದು ಸ್ಟಾರ್ ಒತ್ತಿ ಆಗಿರುತ್ತೆ, ಕೂಪನ್ ಬರುತ್ತಲ್ಲ.