ಗುಂಗುರು ಕೂದಲು, ಹಸಿರು ಬಿಲ್ಲೆ, ಬೋರ್‌ವೆಲ್ ನೀರು

ಶಾಂಪೂ ಸ್ಯಾಶೆಯನ್ನು ಹಲ್ಲಲ್ಲಿ ಕಚ್ಚಿ ಹರಿಯುವ ವಿದ್ಯೆ ನಮ್ಮಲ್ಲಿ ಎಲ್ಲರಿಗೂ ಸಿದ್ಧಿಸಿದೆ. ಹರಿದ ಮೂಲೆ ಬಚ್ಚಲ ಜಾಲರಿಗೆ, ಖಾಲಿ ಸ್ಯಾಶೆ ಕಿಟಕಿ ಸಂದಿಗೆ. ಬೇರೆ ಬೇರೆ ಪದರಗಳನ್ನು ಅಂಟಿಸಿ ಮಾಡಿದ ಅದನ್ನು ಬಿಡಿಸಿ ಮರುಬಳಕೆ ಮಾಡುವುದು ಕಷ್ಟ. ಹಾಗಾಗಿ ಚಿಂದಿ ಆಯುವವರೂ ಅದರ ಕಡೆ ತಿರುಗಿ ನೋಡುವುದಿಲ್ಲ. ನೇರ ಕೂದಲಿನವರಿಗೆ ಒಂದು ಸ್ಯಾಶೆ ಸಾಕು. ಗುಂಗುರಿನವರಿಗೆ ಶಾಂಪೂವಿನದು ಎರಡು, ಕಂಡೀಷನರಿನದು ಮೂರು. ಪಾಪದ ಲೆಕ್ಕದಲ್ಲೂ ಹೀಗೆ ಮುಂದಿರುವ ಗುಂಗುರು ತಲೆ ಒಂದು ಭಾನುವಾರ ಪ್ಲಾಸ್ಟಿಕ್ ತೊರೆಯುವ ಶಪಥ ಮಾಡಿ, ಸೆಣಬಿನ ದಾರ ಕಟ್ಟಿದ ಕಂದು ಕಾಗದದ ಪೊಟ್ಟಣದಲ್ಲಿ ಶಾಂಪೂ ಬಿಲ್ಲೆ ತರುತ್ತದೆ. ಮೂರನೇ ಸ್ನಾನದ ಹೊತ್ತಿಗೆ ಅದು ತಲೆಯಾಗಿ ಉಳಿದಿರುವುದಿಲ್ಲ, ಮೇಣ ಸವರಿದ ತೆಂಗಿನ ನಾರಾಗಿರುತ್ತದೆ.

ತಪ್ಪು ತಲೆಯದಲ್ಲ, ಬಿಲ್ಲೆಯದು ಅರ್ಧ, ನೀರಿನದು ಅರ್ಧ. ಶಾಂಪೂ ಬಿಲ್ಲೆ ಅಂತ ಮಾರುವುದರಲ್ಲಿ ಎರಡು ಜಾತಿ. ಎಣ್ಣೆಗೆ ಕಾಸ್ಟಿಕ್ ಸೋಡಾ ಬೆರೆಸಿ ಮಾಡಿದ್ದು ಅಪ್ಪಟ ಸಾಬೂನು. ಅದರ ಚೀಟಿಯಲ್ಲಿ ಸೋಡಿಯಂ ಕೋಕೋಯೇಟ್, ಸೋಡಿಯಂ ಪಾಮೇಟ್, ಸೋಡಿಯಂ ಆಲಿವೇಟ್ ಎಂಬ ಹೆಸರುಗಳಿರುತ್ತವೆ. ಇನ್ನೊಂದು ಜಾತಿ ಸಾಬೂನೇ ಅಲ್ಲ, ಶಾಂಪೂವಿನಂಥ ಮಾರ್ಜಕ; ಅದರ ಚೀಟಿಯಲ್ಲಿ ಮೊದಲಿಗೇ ಸೋಡಿಯಂ ಕೋಕೋಯಿಲ್ ಐಸೆಥಿಯೋನೇಟ್ ಎಂದಿರುತ್ತದೆ. ಓದಲು ಹೊರಟರೆ ನಾಲಿಗೆ ಗಂಟು ಬೀಳುತ್ತದೆ, ನಿಜ. ಆದರೆ ಕೂದಲು ಗಂಟಾಗುವುದಕ್ಕಿಂತ ನಾಲಿಗೆ ಗಂಟಾಗುವುದು ವಾಸಿ. ಅಪ್ಪಟ ಸಾಬೂನಿನ ಪಿಎಚ್, ಅಂದರೆ ಆಮ್ಲ-ಕ್ಷಾರದ ಅಳತೆ, 9ರಿಂದ 10. ನೆತ್ತಿಯದು ಸುಮಾರು 5.5. ಕ್ಷಾರ ತಗಲಿದೊಡನೆ ಕೂದಲಿನ ಮೇಲಿನ ಹುರುಪೆಗಳು ಹಂಚು ಕಿತ್ತ ಮಾಡಿನಂತೆ ಮೇಲೇಳುತ್ತವೆ. ಗುಂಗುರಿನಲ್ಲಿ ಪ್ರತಿ ತಿರುವಿನಲ್ಲೂ ಅವು ಮೊದಲೇ ಸ್ವಲ್ಪ ಎದ್ದಿರುತ್ತವೆ. ಮೇಲಿಂದ ಬೋರ್‌ವೆಲ್ಲಿನ ಗಡಸು ನೀರು. ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸಾಬೂನಿನೊಂದಿಗೆ ಕೂಡಿ ನೀರಲ್ಲಿ ಕರಗದ ಜಿಡ್ಡಾಗುತ್ತದೆ. ಬಕೆಟ್ಟಿನ ಅಂಚಿಗೆ ಬಿಳಿ ಪಟ್ಟಿಯಾಗಿ ಹತ್ತಿಕೊಳ್ಳುತ್ತದಲ್ಲ, ಅದೇ ಕೂದಲ ಸುರುಳಿಯೊಳಗೂ ಕೂರುತ್ತದೆ.

ಬಿಲ್ಲೆಗೆ ಮುನ್ನೂರು ರೂಪಾಯಿ ಸುರಿಯುವ ಮೊದಲು ನೀರಿಗೊಂದು ಪರೀಕ್ಷೆ ಇಡಿ. ಬಾಟಲಿಯ ಮೂರರಲ್ಲೊಂದು ಭಾಗ ನಲ್ಲಿ ನೀರು, ಒಂದು ಚಿಟಿಕೆ ತುರಿದ ಮೈಸೋಪು, ಹತ್ತು ಸಲ ಕುಲುಕು. ಮೇಲೆ ನೊರೆ ನಿಂತು ಕೆಳಗೆ ತಿಳಿಯಾಗಿದ್ದರೆ ಮೆದು ನೀರು. ನೊರೆಯಿಲ್ಲದೆ ಕಲಕಿದ ಮಜ್ಜಿಗೆಯಂತಾದರೆ ಗಡಸು. ಪರೀಕ್ಷೆಗೆ ಶಾಂಪೂ ಹಾಕಬೇಡಿ, ಅದು ಎಂಥ ನೀರಲ್ಲೂ ನೊರೆ ಕೊಟ್ಟು ಸುಳ್ಳು ಸಾಕ್ಷಿ ಹೇಳುತ್ತದೆ. ಗಡಸು ಎಂದಾದರೆ ಅಪ್ಪಟ ಸಾಬೂನಿನ ಬಿಲ್ಲೆಯನ್ನು ಕೈ ತೊಳೆಯಲು ಇಟ್ಟು ಎರಡನೇ ಜಾತಿಯದನ್ನು ಕೊಳ್ಳಿ. ಕೊನೆಯ ಎರಡು ಚೊಂಬು ಮಳೆನೀರು ಸಿಕ್ಕರೆ ಅದಕ್ಕಿಂತ ಒಳ್ಳೆಯ ಕಂಡೀಷನರ್ ಇಲ್ಲ. ಬೆಂಗಳೂರಿನಲ್ಲಿ 2009ರಲ್ಲಿ ಮಳೆನೀರು ಸಂಗ್ರಹ ಕಡ್ಡಾಯವಾಯಿತು. ಆ ನೀರು ಕಾರಿನ ತಲೆಗೆ ಬೀಳುವುದೇ ಹೆಚ್ಚು, ಮನುಷ್ಯರ ತಲೆಗೆ ಕಡಿಮೆ.

ಬಿಲ್ಲೆಯನ್ನು ನೇರ ತಲೆಗೆ ತಿಕ್ಕುವುದು ಇನ್ನೊಂದು ಎಡವಟ್ಟು. ಸುರುಳಿಗಳು ಸುತ್ತಿಕೊಂಡು ಬಿಲ್ಲೆ ತಲೆಯಲ್ಲೇ ಸಿಕ್ಕಿಬೀಳುತ್ತದೆ. ಅಂಗೈಯಲ್ಲಿ ನೊರೆ ಮಾಡಿ ನೆತ್ತಿಗೆ ಮಾತ್ರ ಹಚ್ಚಿ. ಇಳಿಯುವ ನೊರೆಯೇ ತುದಿಗೆ ಸಾಕು. ಸ್ನಾನವಾದ ಮೇಲೆ ಬಿಲ್ಲೆಯನ್ನು ಒಣಗಿದ ಹೀರೆಕಾಯಿ ನಾರಿನ ತುಂಡಿನ ಮೇಲಿಡಿ. ಇಲ್ಲವಾದರೆ ಮೂರು ತಿಂಗಳಿನ ಬಿಲ್ಲೆ ಮೂರು ವಾರದಲ್ಲಿ ಸೋಪಿನ ಡಬ್ಬಿಯಲ್ಲಿ ಪಾಯಸವಾಗಿರುತ್ತದೆ.

ಇಷ್ಟು ಹೊತ್ತಿಗೆ ಮನೆಯ ಹಿರಿಯರು ಬಾಯಿ ಹಾಕಿರುತ್ತಾರೆ: "ಸೀಗೆಕಾಯಿ ಇದ್ದಾಗ ಇದೆಲ್ಲ ಯಾಕೆ?" ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಈಗ ತಿರುಗುಬಾಣವಾಗಿದೆ, ಹಿತ್ತಲಲ್ಲಿರುವುದೆಲ್ಲ ಮದ್ದು ಎಂದು ತಲೆಗೆ ಮೆತ್ತಿಕೊಳ್ಳುವ ಕಾಲ. ಸೀಗೆಪುಡಿ ನೇರ ಕೂದಲಿಂದ ಮೂರು ಚೊಂಬಿಗೆ ಇಳಿದುಹೋಗುತ್ತದೆ. ಗುಂಗುರಿಗೆ ಹೊಕ್ಕ ಪುಡಿ ಚಕ್ರವ್ಯೂಹ ಹೊಕ್ಕ ಅಭಿಮನ್ಯು. ಮಾರನೆಯ ದಿನ ಕಪ್ಪಂಗಿಯ ಭುಜದ ಮೇಲೆ ಉದುರಿ, ಹೊಟ್ಟು ಎಂಬ ಅಪವಾದ ಹೊರಿಸುತ್ತದೆ. ಪುಡಿ ಬೇಡ, ಕಷಾಯ ಮಾಡಿ. ಬೀಜ ತೆಗೆದ ಅಂಟುವಾಳ 8, ಸೀಗೆಕಾಯಿ 4 ಅಥವಾ 5, ಮುಕ್ಕಾಲು ಲೀಟರ್ ನೀರು. ರಾತ್ರಿ ನೆನೆಹಾಕಿ, ಬೆಳಿಗ್ಗೆ ಸಣ್ಣ ಉರಿಯಲ್ಲಿ ಕಾಲು ಗಂಟೆ ಕುದಿಸಿ, ಆರಿದ ಮೇಲೆ ಕಿವುಚಿ ಹಳೇ ಪಂಚೆಯಲ್ಲಿ ಸೋಸಿ. ನೊರೆ ಕಡಿಮೆ ಬರುತ್ತದೆ ಎಂದು ತಿಕ್ಕಿದಷ್ಟೂ ಸಿಕ್ಕು. ಕಣ್ಣಿಗೆ ಬಿದ್ದರೆ ಮುಂದಿನ ಅರ್ಧ ಗಂಟೆ ಲೋಕವೆಲ್ಲ ಕೆಂಪು. ಫ್ರಿಜ್ಜಿನಲ್ಲಿ ಎರಡು ಮೂರು ದಿನಕ್ಕಿಂತ ಇಡಬೇಡಿ. ಮುಖ್ಯವಾಗಿ ಬಾಟಲಿಯ ಮೇಲೆ ಹೆಸರು ಬರೆದಿಡಿ, ಅದರ ಬಣ್ಣ ಹುಣಸೆರಸಕ್ಕೆ ತೀರಾ ಹತ್ತಿರದ ಸಂಬಂಧಿ.

ಆಮೇಲೆ ಇದೂ ಪೂರಾ ಸಾಧು ಪ್ರಾಣಿಯಲ್ಲ. ಅಂಟುವಾಳದ ನೊರೆಗೆ ಕಾರಣವಾದ ಸ್ಯಾಪೋನಿನ್ ಮೀನಿಗೆ ವಿಷ. ಕೆರೆ, ಹೊಳೆಗೆ ಇಳಿದು ಸೀಗೆ-ಅಂಟುವಾಳದಲ್ಲಿ ತಲೆ ತೊಳೆಯುವುದು ಚಿತ್ರಕ್ಕೆ ಚೆಂದ, ಮೀನಿಗಲ್ಲ. ಇತ್ತ ಬೈಸಿಕೊಳ್ಳುವ ಸಲ್ಫೇಟ್ ಶಾಂಪೂ ಗುಂಗುರಿನ ಜಿಡ್ಡನ್ನೆಲ್ಲ ತೆಗೆದು ಒಣಗಿಸುತ್ತದೆ ಎಂಬುದು ನಿಜವಾದರೂ, ಶುದ್ಧೀಕರಣ ಘಟಕದಲ್ಲಿ ಅದು ಚೆನ್ನಾಗಿಯೇ ಕೊಳೆತು ಹೋಗುತ್ತದೆ. ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ನಡೆದು ಬಂದದ್ದು ಚರಂಡಿ ನೀರು ಘಟಕವನ್ನೇ ಕಾಣದೆ ಕೆರೆ ಸೇರಿದ್ದರಿಂದ. ಸಲ್ಫೇಟ್ ಇಲ್ಲ ಎಂಬ ಸಾಲು ನಿಮ್ಮ ಕೂದಲಿಗೆ ಬರೆದದ್ದು, ಕೆರೆಗಲ್ಲ.

ಕೂದಲಿಗೂ ಕೆರೆಗೂ ಒಟ್ಟಿಗೆ ಒಪ್ಪುವ ಪದಾರ್ಥವೆಂದರೆ ಲೋಳೆ. ದಾಸವಾಳದ ಹದಿನೈದು ಎಲೆ ಎರಡು ಲೋಟ ನೀರಲ್ಲಿ ಕಿವುಚಿ ಸೋಸಿದರೆ ಸಿಕ್ಕು ಬಿಡಿಸಲು ಸಾಕು. ಮಲೆನಾಡಿನ ಕಡೆ ಇದಕ್ಕೆ ಗೊಂಪು ಎಂಬ ಅಚ್ಚುಕಟ್ಟಾದ ಹೆಸರಿದೆ. ಸುರುಳಿ ಹಿಡಿದು ನಿಲ್ಲಿಸಲು ಅಗಸೆ ಬೀಜದ ಲೋಳೆ. ಕಾಲು ಲೋಟ ಬೀಜ, ಎರಡು ಲೋಟ ನೀರು, ಮಧ್ಯಮ ಉರಿ, ಕೈ ಬಿಡದೆ ಕಲಕಬೇಕು. ಏಳೆಂಟು ನಿಮಿಷಕ್ಕೆ ಸೌಟಿನಿಂದ ಮೊಟ್ಟೆಯ ಬಿಳಿಯಂತೆ ಎಳೆ ಇಳಿಯುತ್ತದೆ. ಆ ಕ್ಷಣವೇ ಒಲೆ ಆರಿಸಿ ಬಿಸಿಬಿಸಿಯಾಗಿ ಸೋಸಿ. ಇನ್ನೆರಡು ನಿಮಿಷ ಇರಲಿ ಎಂದರೋ, ಫೋನು ಬಂತೆಂದು ಆರಲು ಬಿಟ್ಟರೋ, ಬೀಜವೂ ಲೋಳೆಯೂ ಗಟ್ಟಿಯಾಗಿ ಒಂದಾಗುತ್ತವೆ; ಆಮೇಲೆ ಪಾತ್ರೆ ಬೋರಲು ಹಾಕಿದರೂ ಬೀಳುವುದಿಲ್ಲ. ಮತ್ತೆ ಒಂದು ಲೋಟ ಬಿಸಿನೀರು ಹಾಕಿ ಕಾಯಿಸುವುದೇ ದಾರಿ. ಜಾಲರಿ ಸೋಸಣಿಗೆ ಕಟ್ಟಿಕೊಳ್ಳುತ್ತದೆ, ತೆಳು ಬಟ್ಟೆಯ ಗಂಟು ಕಟ್ಟಿ ಹಿಂಡಿ. ಫ್ರಿಜ್ಜಿನಲ್ಲಿ ಒಂದು ವಾರ, ಐಸ್ ಟ್ರೇಯಲ್ಲಿ ಗಡ್ಡೆ ಕಟ್ಟಿಸಿಟ್ಟರೆ ತಿಂಗಳು. ಹುಳಿ ವಾಸನೆ ಬಂದರೆ ಗಿಡದ ಬುಡಕ್ಕೆ.

ಉತ್ತರ ಕರ್ನಾಟಕದ ಮನೆಯಲ್ಲಿ ಈ ಪ್ರಯೋಗ ಗುಟ್ಟಾಗಿ ಮಾಡುವುದು ಕ್ಷೇಮ. "ಅಗಸಿ ಹಿಂಡಿ ಮಾಡಿ ರೊಟ್ಟಿ ಜೋಡಿ ತಿನ್ನೋದು ಬಿಟ್ಟು ತಲಿಗೆ ಹಚ್ಕೋತೀಯೇನವಾ?" ಎಂಬ ಪ್ರಶ್ನೆಗೆ ರಸಾಯನಶಾಸ್ತ್ರದಲ್ಲಿ ಉತ್ತರವಿಲ್ಲ.

ಅಕ್ಕಚ್ಚಿನ ಬಗ್ಗೆ ಒಂದೇ ಮಾತು. ಅದರಲ್ಲಿರುವುದು ಹಿಟ್ಟಿನಂಶ, ಕಾಟನ್ ಸೀರೆಗೆ ಹಾಕುವ ಗಂಜಿಯ ತಮ್ಮ. ವಾರಕ್ಕೆ ಮೂರು ಸಲ ಸುರಿದುಕೊಂಡರೆ ಕೂದಲೂ ಸೀರೆಯ ನೆರಿಗೆಯಂತೆ ಬಿರುಸಾಗಿ ನಿಲ್ಲುತ್ತದೆ. ಲೋಳೆಸರ ಕೊಯ್ದರೆ ಕಾಲು ಗಂಟೆ ನೆಟ್ಟಗೆ ನಿಲ್ಲಿಸಿ ಹಳದಿ ರಸ ಇಳಿಯಲು ಬಿಡಿ, ಅದು ತುರಿಕೆ ತರಬಹುದು. ಅಡುಗೆ ಸೋಡಾ ಇಡ್ಲಿ ಹಿಟ್ಟಿಗಿರಲಿ. ನಿಂಬೆರಸವನ್ನು ಹಾಗೇ ಹಚ್ಚಬೇಡಿ. ಒಂದು ಲೀಟರ್ ನೀರಿಗೆ ಒಂದು ಚಮಚಕ್ಕಿಂತ ಹೆಚ್ಚು ಬೇಡ. ಮೆಂತ್ಯ ಒಳ್ಳೆಯದೇ, ಆದರೆ ಬೆವರಿದಾಗ ಪಕ್ಕದಲ್ಲಿ ಕೂತವರಿಗೆ ದೋಸೆಯ ಹಸಿವಾಗುತ್ತದೆ.

ಇಷ್ಟೆಲ್ಲ ಬೇಡ, ಅಂಗಡಿಯಿಂದಲೇ ತರುತ್ತೇವೆ ಎನ್ನುವವರು ಬಾಟಲಿಯ ಮುಂಭಾಗದ ಎಲೆಯ ಚಿತ್ರ ಬಿಟ್ಟು ಹಿಂಭಾಗ ಓದಬೇಕು. 'ಕೋನ್' ಎಂದು ಮುಗಿಯುವ ಡೈಮೆಥಿಕೋನ್ ನೀರಲ್ಲಿ ಕರಗದ ಸಿಲಿಕೋನ್. ಮೊದಲ ವಾರ ರೇಷ್ಮೆ, ಎರಡನೇ ತಿಂಗಳು ರೇಷ್ಮೆಗೂಡು. ಪರಿಸರದಲ್ಲಿ ಬೇಗ ಕೊಳೆಯದ ಡಿ4, ಡಿ5 ಎಂಬ ಸಿಲಿಕೋನ್‌ಗಳನ್ನು ತೊಳೆದು ಬಿಡುವ ಸಾಮಗ್ರಿಗಳಲ್ಲಿ ಯುರೋಪಿಯನ್ ಒಕ್ಕೂಟ 2020ರಿಂದ ಶೇ. 0.1ಕ್ಕೆ ಕಟ್ಟಿಹಾಕಿದೆ, ಚೀಟಿಯಲ್ಲಿ ಡಿ5 ಸೈಕ್ಲೋಪೆಂಟಾಸಿಲಾಕ್ಸೇನ್ ಎಂಬ ಪೂರ್ಣನಾಮದಲ್ಲಿ ಕೂತಿರುತ್ತದೆ. ನಮ್ಮಲ್ಲೂ ದಾಖಲೆಯಿಲ್ಲದೆ ಹಸಿರು, ಪರಿಸರಸ್ನೇಹಿ ಎಂದು ಕೊಚ್ಚಿಕೊಳ್ಳುವುದರ ವಿರುದ್ಧ 2024ರ ಅಕ್ಟೋಬರಿನಲ್ಲಿ ಮಾರ್ಗಸೂಚಿ ಬಂದಿದೆ. 1991ರಿಂದಲೂ ಇಕೋಮಾರ್ಕ್ ಎಂಬ ಮಣ್ಣಿನ ಮಡಕೆಯ ಸರ್ಕಾರಿ ಗುರುತಿದೆ. ಶಾಂಪೂ ಸಾಲಿನಲ್ಲಿ ಆ ಮಡಕೆ ಹುಡುಕಲು ಹೋದರೆ ಊಟಕ್ಕೆ ಬರುವುದಿಲ್ಲ ಎಂದು ಮನೆಯಲ್ಲಿ ಹೇಳಿ ಹೊರಡಿ.

ಗ್ಲಿಸರಿನ್ ಊರು ನೋಡಿ ಆಟವಾಡುತ್ತದೆ. ಮಂಗಳೂರಿನ ಸೆಕೆಯಲ್ಲಿ ಗಾಳಿಯ ತೇವ ಎಳೆದು ತಲೆಯನ್ನು ಕೆದರಿದ ಗೀಜಗನ ಗೂಡಾಗಿಸುತ್ತದೆ, ಕಲಬುರಗಿಯ ಬೇಸಿಗೆಯಲ್ಲಿ ಕೂದಲಿನದೇ ತೇವ ಎಳೆದುಕೊಳ್ಳುತ್ತದೆ. ಎರಡೂ ಕಡೆ ಚೀಟಿಯಲ್ಲಿ ಅದರ ಹೆಸರು ಆದಷ್ಟು ಕೆಳಗಿರಲಿ. ತಲೆಸ್ನಾನದ ಒಟ್ಟು ಪರಿಸರ ಖರ್ಚಿನಲ್ಲಿ ದೊಡ್ಡ ಪಾಲು ಬಾಟಲಿಯದೂ ಅಲ್ಲ, ಗೀಸರಿನದು. ಉಗುರು ಬೆಚ್ಚಗಿನ ಒಂದೇ ಬಕೆಟ್ ನೀರು ಸಾಕು. ಹಂಡೆಯ ಸುಡುನೀರು ಬೆನ್ನಿಗಿರಲಿ.

ಬಾಚುವುದು ಒದ್ದೆಯಲ್ಲಿ, ಲೋಳೆ ಇರುವಾಗಲೇ, ಅಗಲ ಹಲ್ಲಿನ ಬೇವಿನ ಬಾಚಣಿಗೆಯಲ್ಲಿ, ತುದಿಯಿಂದ ಮೇಲಕ್ಕೆ. ಬಾಚಣಿಗೆಯನ್ನು ಬಕೆಟ್ಟಿನಲ್ಲಿ ನೆನೆಬಿಟ್ಟರೆ ಸೀಳುತ್ತದೆ. ಒಣಗಿದ ಮೇಲೆ ಬಾಚಿದರೆ ಮೂರು ಗಂಟೆಯ ಶ್ರಮ ಮೂರು ಎಳೆತಕ್ಕೆ ಮಣ್ಣುಪಾಲು. ಬಾಚದೆ ಹೊರಗೆ ಹೋದರೆ "ತಲೆ ಬಾಚ್ಕೊಂಡಿಲ್ವಾ?" ಅಂತ ಕೇಳುವವರು ಪ್ರತಿ ಮೆಟ್ಟಿಲಿಗೆ ಒಬ್ಬರು. ಟರ್ಕಿ ಟವೆಲ್ಲು ಬೇಡ, ಅದರ ಕುಣಿಕೆಗಳು ಎಳೆಗಳನ್ನು ಹಿಡಿದೆಳೆಯುತ್ತವೆ. ಹಳೇ ಕಾಟನ್ ಬನಿಯನ್ ಹಾಸಿ, ತಲೆ ಬಗ್ಗಿಸಿ ಸುರುಳಿಗಳನ್ನು ಅದರೊಳಗೆ ಕೂರಿಸಿ ಇಪ್ಪತ್ತು ನಿಮಿಷ ಕಟ್ಟಿ. ಬಿಚ್ಚಿದ ಮೇಲೆ ಲೋಳೆ ಒಣಗುತ್ತ ಹಪ್ಪಳದಂತೆ ಗರಿಗರಿಯಾಗುತ್ತದೆ. ಪೂರ್ತಿ ಒಣಗುವವರೆಗೆ ಮುಟ್ಟುವಂತಿಲ್ಲ, ಆಮೇಲೆ ಅಂಗೈಗೆ ಎರಡು ಹನಿ ತೆಂಗಿನೆಣ್ಣೆ ಸವರಿ ಮೆತ್ತಗೆ ಹಿಸುಕಬೇಕು. ಒಣಗಿದೆಯೇ ಎಂದು ನೋಡಲು ಕತ್ತಿನ ಹಿಂದಿನ ಒಳಸುರುಳಿ ಮುಟ್ಟಿ. ಅದೇ ಎಲ್ಲಕ್ಕಿಂತ ಕೊನೆಗೆ ಒಣಗುವುದು. ಧಾರವಾಡದಲ್ಲಿ ಮಧ್ಯಾಹ್ನದೊಳಗೆ ಆದೀತು. ಶ್ರಾವಣದ ಆಗುಂಬೆಯಲ್ಲಾದರೆ ಶುಕ್ರವಾರದ ಮದುವೆಗೆ ಬುಧವಾರವೇ ತಲೆಸ್ನಾನ ಮಾಡಿ.