ಭಾವನ ಉರಿಯೂತಕ್ಕೆ ಅಗಸೆ ಕ್ಯಾಪ್ಸೂಲ್

ನಮ್ಮ ಭಾವನಿಗೆ ಉರಿಯೂತವಂತೆ. ಎಲ್ಲಿ ಅಂತ ಕೇಳಿದರೆ ಮೈತುಂಬಾ ಅನ್ನುತ್ತಾರೆ. ಡಾಕ್ಟರ್ ಹೇಳಿದ್ರಾ? ಇಲ್ಲ, ಫೋನ್ ಹೇಳಿತು. ರಾತ್ರಿ ಹನ್ನೊಂದಕ್ಕೆ ರೀಲ್ಸ್ ನೋಡುತ್ತಿದ್ದಾಗ ಬಿಳಿ ಕೋಟಿನ ಒಬ್ಬರು ಬಂದು, ಊಟ ಆದ ಮೇಲೆ ನಿದ್ದೆ ಬರುತ್ತಾ, ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಾ, ಸೋಮವಾರ ಬಂದರೆ ಬೇಜಾರಾಗುತ್ತಾ, ಹಾಗಾದರೆ ನಿಮ್ಮ ಜೀವಕೋಶಗಳಿಗೆ ಆಕ್ಸಿಡೇಟಿವ್ ಸ್ಟ್ರೆಸ್ ಆಗಿದೆ, ಅಂದರೆ ಆಕ್ಸಿಜನ್ನಿನಿಂದ ಹುಟ್ಟುವ ಕಣಗಳು ಅವನ್ನು ಕೊರೆಯುತ್ತಿವೆ, ಉರಿಯೂತ ಅದರಿಂದಲೇ ಎಂದರಂತೆ. ಸೋಮವಾರ ಬೇಜಾರಾಗದವರನ್ನು ನಾನಂತೂ ನೋಡಿಲ್ಲ. ಎರಡೇ ದಿನದಲ್ಲಿ ಡಬ್ಬಿ ಮನೆಗೆ ಬಂತು.

ಚೆಂದದ ಡಬ್ಬಿ. ಒಳಗೆ 60 ಕ್ಯಾಪ್ಸೂಲ್. ಒಂದೊಂದರಲ್ಲಿ 500 ಮಿಲಿಗ್ರಾಂ 'ಫ್ಲ್ಯಾಕ್ಸ್ ಸೀಡ್' ಪುಡಿ. ಬೆಲೆ 899 ರೂಪಾಯಿ. ಉರಿ ಎಲ್ಲಿ ಶುರುವಾಯಿತು ಅಂತ ನನಗೆ ಆಗ ಗೊತ್ತಾಯಿತು.

ಭಾವನ ಅಮ್ಮ ಬಾಗಲಕೋಟೆ ಕಡೆಯವರು, ಅಲ್ಲಿ ಚಟ್ನಿಪುಡಿಗೆ ಹಿಂಡಿ ಅನ್ನುತ್ತಾರೆ. ಕನ್ನಡಕ ಏರಿಸಿಕೊಂಡು ಒಂದು ಕ್ಯಾಪ್ಸೂಲ್ ಬಿಚ್ಚಿದರು, ಪುಡಿಯನ್ನು ಅಂಗೈಗೆ ಸುರಿದುಕೊಂಡು ನಾಲಿಗೆ ತುದಿಗೆ ಹಚ್ಚಿಕೊಂಡರು. "ಉಪ್ಪಿಲ್ಲ, ಖಾರ ಇಲ್ಲ, ಬಳ್ಳೊಳ್ಳಿ ಇಲ್ಲ. ಇದ್ಯಾವ ಸೀಮಿ ಅಗಸಿ ಹಿಂಡಿಪಾ?" ಭಾವ, "ಅವ್ವಾ, ಇದು ಹಿಂಡಿ ಅಲ್ಲ, ಸಪ್ಲಿಮೆಂಟು" ಎಂದರು. ಅದೇ ಅಗಸೆ. ಉಪ್ಪು ಖಾರ ತೆಗೆದರೆ ಬೆಲೆ ಜಾಸ್ತಿಯಾಗುತ್ತದೆ ಅನ್ನೋದು ಮಾತ್ರ ನನಗೆ ಹೊಸದು.

ಅಗಸೆಯನ್ನು ನಾನು ಬೈಯುತ್ತಿಲ್ಲ, ಪಾಪ ಅದೇನು ಮಾಡಿತು. ಕೆನಡಾದಲ್ಲಿ ಕಾಲಿನ ರಕ್ತನಾಳ ಕಟ್ಟಿಕೊಂಡಿದ್ದ ರೋಗಿಗಳಿಗೆ ಬ್ರೆಡ್ಡು, ಮಫಿನ್‌ಗಳಲ್ಲಿ ಅಗಸೆ ಪುಡಿ ಬೆರೆಸಿ ಆರು ತಿಂಗಳು ತಿನ್ನಿಸಿದ್ದರು. ತಿನ್ನದವರಿಗಿಂತ ಅವರ ಮೇಲಿನ ಬಿಪಿ ಸುಮಾರು 10 ಕಮ್ಮಿ ಇತ್ತು ಅಂತ 2013ರಲ್ಲಿ ಪ್ರಕಟಿಸಿದರು. ಸಣ್ಣ ವಿಷಯ ಏನಲ್ಲ. ಉರಿಯೂತದ ಗುರುತು ಅಂತ ರಕ್ತದಲ್ಲಿ ಅಳೆಯುವ ಸಿಆರ್‌ಪಿ ಮಾತ್ರ ಕೆಲವು ಪ್ರಯೋಗಗಳಲ್ಲಿ ಸ್ವಲ್ಪ ಇಳಿದಿದೆ, ಕೆಲವದರಲ್ಲಿ ಅಲ್ಲಾಡಿಯೇ ಇಲ್ಲ. ಇರಲಿ. ಆದರೆ ಕೆನಡಾದವರು ತಿನ್ನಿಸಿದ್ದು ದಿನಕ್ಕೆ 30 ಗ್ರಾಂ. ಭಾವನ ಇಡೀ ಡಬ್ಬಿಯಲ್ಲಿ ಇರೋದೇ 30 ಗ್ರಾಂ! ಅಂದರೆ ಬೆಳಗ್ಗೆ ಎದ್ದು 60 ಕ್ಯಾಪ್ಸೂಲ್ ನುಂಗಬೇಕು, ನಾಳೆಗೆ ಇನ್ನೊಂದು ಡಬ್ಬಿ ಒಡೆಯಬೇಕು. ತಿಂಗಳಿಗೆ 26,970 ರೂಪಾಯಿ. ಬಿಪಿ ಏನಾಗಬಹುದು ನೀವೇ ಹೇಳಿ. ಡಬ್ಬಿಯವರು ಹೇಳೋದು ದಿನಕ್ಕೆ ಎರಡು, ಅಂದರೆ ಒಂದು ಗ್ರಾಂ. ಅವ್ವ ರೊಟ್ಟಿಗೆ ಹಿಂಡಿ ಬಡಿಸುವಾಗ ತಟ್ಟೆಯಾಚೆ ಬೀಳೋದೇ ಅಷ್ಟಿರುತ್ತದೆ.

ಡಬ್ಬಿಯ ಮುಂದೆ ಉರಿಯೂತದ ಮೇಲೆ ಯುದ್ಧ ಸಾರಿದ್ದಾರೆ. ಹಿಂದೆ, ಸಾಸಿವೆ ಕಾಳಿಗಿಂತ ಸಣ್ಣ ಅಕ್ಷರದಲ್ಲಿ, ಇದು ಔಷಧಿಯಾಗಿ ಬಳಸಲಿಕ್ಕಲ್ಲ ಅಂತ ಇದೆ. ಕಾನೂನಿದೆ, ಹಾಕಲೇಬೇಕು. ಸುಳ್ಳು ಇಂಗ್ಲಿಷಿನಲ್ಲಿ ದಪ್ಪಗೆ, ನಿಜವೂ ಇಂಗ್ಲಿಷಿನಲ್ಲೇ, ಆದರೆ ಭೂತಗನ್ನಡಿ ಬೇಕು.

ಪುಡಿ ಮುಗಿದ ಮೇಲೆ ಭಾವ ಎಣ್ಣೆಗೆ ಬಡ್ತಿ ಪಡೆದರು. ಆಕ್ಸಿಡೇಟಿವ್ ಸ್ಟ್ರೆಸ್‌ಗೆ ಎಣ್ಣೆಯೇ ರಾಮಬಾಣವಂತೆ. ಇಲ್ಲಿ ಒಂದು ತಮಾಷೆ ಇದೆ. ಗಾಳಿ ತಾಗಿದರೆ ಸಾಕು, ಅಗಸೆ ಎಣ್ಣೆ ತಾನೇ ಆಕ್ಸಿಡೈಸ್ ಆಗಿ ಗಟ್ಟಿಯಾಗುತ್ತದೆ. ಬಣ್ಣದವರು, ಬಡಗಿಗಳು ಅದನ್ನು ಇಷ್ಟಪಡೋದೇ ಇದಕ್ಕೆ. ಆ ಎಣ್ಣೆ ಒರೆಸಿದ ಬಟ್ಟೆಗಳನ್ನು ಗುಡ್ಡೆ ಹಾಕಿಟ್ಟರೆ ಒಳಗೇ ಬಿಸಿ ಏರಿ, ಕಡ್ಡಿ ಗೀರದೆ ಬೆಂಕಿ ಹತ್ತಿಕೊಳ್ಳುವುದೂ ಉಂಟು. ಉರಿಗೆ ಮದ್ದು ಅಂತ ತಂದದ್ದು ಇದನ್ನು.

ಭಾವ ಬಾಟಲಿಯನ್ನು ಅಡುಗೆಮನೆ ಕಿಟಕಿಯಲ್ಲಿ, ಬಿಸಿಲಿಗೆ ಇಟ್ಟರು. ಮೂರು ವಾರಕ್ಕೆ ಕಮಟು ವಾಸನೆ. ಅದನ್ನೂ ಮೂಗು ಮುಚ್ಚಿಕೊಂಡು ಎರಡು ದಿನ ಕುಡಿದರು, "ಕೆಲಸ ಮಾಡ್ತಿದೆ ಅಂತ ಅರ್ಥ" ಎಂದು. ಮೂರನೇ ದಿನ ಅಕ್ಕ ಬಾಟಲಿ ಎತ್ತಿ ಮಗನ ಕೈಗೆ ಕೊಟ್ಟಳು.

ಅವನು ಅದನ್ನು ಕ್ರಿಕೆಟ್ ಬ್ಯಾಟಿಗೆ ಸವರಿದ್ದಾನೆ. ಬ್ಯಾಟಿನಲ್ಲಿ ಇದುವರೆಗೆ ಉರಿಯೂತ ಕಾಣಿಸಿಲ್ಲ.