ಬೆಟ್ಟದಾಚೆಯ ಟವರ್‌ಗೆ ಮತ್ತೆ ಆಂಟೆನಾ ತಿರುಗಿಸೋಣವೇ?

ದೂರದರ್ಶನದ ಹಳೆಯ ಅನಲಾಗ್ ಪ್ರಸಾರ ಮುಗಿದ ಕಥೆ. ಆ ಜಾಗದಲ್ಲಿ ಶಿವಮೊಗ್ಗದಿಂದ ಡಿಜಿಟಲ್ ಭೂಪ್ರಸಾರ ಶುರುವಾಗಬೇಕಾ? ಅಂದರೆ ಡಿಶ್, ಕೇಬಲ್, ಇಂಟರ್ನೆಟ್ ಯಾವುದೂ ಇಲ್ಲದೆ, ಮಾಡಿನ ಮೇಲಿನ ಆಂಟೆನಾದಿಂದಲೇ ಚಾನೆಲ್ ಸಿಗುವ ವ್ಯವಸ್ಥೆ ಮಲೆನಾಡಿಗೆ ಬೇಕಾ? ಹೊಸನಗರ ಕಡೆಯ ಅಡಿಕೆ ಬೆಳೆಗಾರರೊಬ್ಬರು ಬೇಕು ಅನ್ನುತ್ತಾರೆ. ತೀರ್ಥಹಳ್ಳಿ ಕಡೆ ಆಂಟೆನಾ, ಡಿಶ್ ಕಟ್ಟಿಕೊಂಡು ಬಂದವರೊಬ್ಬರು ಬೇಡ ಅನ್ನುತ್ತಾರೆ.

ಪರ: ಮಳೆ ಬಂದಾಗಲೇ ನಮಗೆ ಟಿವಿ ಬೇಕು

ಪುನರ್ವಸು ಮಳೆ ಹಿಡಿದರೆ ಸಂಜೆ ನಮ್ಮ ಮನೆಯಲ್ಲಿ ಒಂದು ಆಟ ನಡೆಯುತ್ತದೆ. ವಾರ್ತೆ ಶುರುವಾಗುತ್ತದೆ. ಓದುವವರು "ಮಲೆನಾಡಿನಲ್ಲಿ ಭಾರಿ..." ಅನ್ನುತ್ತಾರೆ. ಅಷ್ಟಕ್ಕೇ ಚಿತ್ರ ಚೌಕ ಚೌಕವಾಗಿ ಒಡೆದು ನಿಂತುಬಿಡುತ್ತದೆ. ಭಾರಿ ಏನು ಅಂತ ತಿಳಿಯಲು ಕಿಟಕಿಯಾಚೆ ನೋಡಬೇಕು.

ಇನ್ವರ್ಟರ್ ಇದೆ, ಟಿವಿ ಹತ್ತಿಕೊಂಡೇ ಇದೆ. ಡಿಶ್ ಜಾಗದಿಂದ ಕದಲಿಲ್ಲ. ಆದರೂ ಚಿತ್ರ ಇಲ್ಲ. ಕಾರಣ ಇಷ್ಟೇ. ಉಪಗ್ರಹದಿಂದ ಡಿಶ್‌ಗೆ ಬರುವ ಅಲೆಯ ಉದ್ದ ಸುಮಾರು ಎರಡೂವರೆ ಸೆಂಟಿಮೀಟರ್. ಜೋರು ಮಳೆಯ ಹನಿಗಳು ಅದನ್ನು ಹೀರಿಕೊಳ್ಳುತ್ತವೆ, ಚದುರಿಸುತ್ತವೆ. ನೆಲದ ಮೇಲಿನ ಟವರ್‌ನಿಂದ ಬರುವ ಟಿವಿ ಅಲೆ ಸುಮಾರು ಅರ್ಧ ಮೀಟರ್ ಉದ್ದ. ಅದಕ್ಕೆ ಮಳೆಹನಿ ಲೆಕ್ಕಕ್ಕೇ ಇಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ. ನಮ್ಮ ಹುಲಿಕಲ್ ಏನೂ ಹಿಂದೆ ಬಿದ್ದಿಲ್ಲ. ಇಂಥ ಸೀಮೆಗೆ ಮಳೆ ಬಂದರೆ ನಿಲ್ಲುವ ಟಿವಿ ಒಂದೇ ಗತಿ ಅಂದರೆ ಹೇಗೆ?

ಮಾಡು ಹತ್ತಿ ಆಂಟೆನಾ ತಿರುಗಿಸಿದ ಕಥೆ ಎಲ್ಲರಿಗೂ ಗೊತ್ತು, ಮತ್ತೆ ಹೇಳುವುದಿಲ್ಲ. ನಮ್ಮ ಆಂಟೆನಾ ಹೆಬ್ಬಿದಿರಿನ ತುದಿಯಲ್ಲಿತ್ತು. ಈಗ ಅದರ ಅಲ್ಯೂಮಿನಿಯಂ ಕಡ್ಡಿಗಳ ಮೇಲೆ ಬಸಳೆ ಹಬ್ಬಿದೆ. ನಾನು ಕೇಳುತ್ತಿರುವುದು ಆ ಕಾಲವನ್ನಲ್ಲ. ಅನಲಾಗ್‌ನಲ್ಲಿ ಒಂದು ಚಾನೆಲ್‌ಗೆ ಬೇಕಾಗಿದ್ದಷ್ಟೇ ಜಾಗದಲ್ಲಿ ಡಿಜಿಟಲ್‌ನಲ್ಲಿ ಹತ್ತಾರು ಚಾನೆಲ್ ಕೂರುತ್ತವೆ. ಜೊತೆಗೆ ರೇಡಿಯೊ ಕೂಡ. ಒಂದು ಸಲ ಆಂಟೆನಾ ಮತ್ತು ಸೆಟ್‌ಟಾಪ್ ಪೆಟ್ಟಿಗೆ ಕೊಂಡರೆ ಆಯಿತು. ಕೆಲವು ಹೊಸ ಟಿವಿಗಳಲ್ಲಿ ಟ್ಯೂನರ್ ಒಳಗೇ ಇರುತ್ತದೆ, ಪೆಟ್ಟಿಗೆಯೂ ಬೇಡ. ತಿಂಗಳಿಗೊಮ್ಮೆ ರೀಚಾರ್ಜ್ ಅನ್ನುವ ಕಾಟ ಇಲ್ಲ.

ಇದು ಹೊಸ ಕನಸೂ ಅಲ್ಲ. 2016ರ ಫೆಬ್ರವರಿಯಲ್ಲಿ ದೂರದರ್ಶನ 16 ನಗರಗಳಲ್ಲಿ ಡಿವಿಬಿ-ಟಿ2 ಎಂಬ ಈ ಡಿಜಿಟಲ್ ಪ್ರಸಾರ ಶುರು ಮಾಡಿತು. ಕರ್ನಾಟಕದಿಂದ ಆ ಪಟ್ಟಿಯಲ್ಲಿ ಇದ್ದದ್ದು ಬೆಂಗಳೂರು ಮಾತ್ರ. ಗಲ್ಲಿಗೆರಡು ಕೇಬಲ್ ಇರುವ ಊರು ಅದು. ಉಂಡೆದ್ದವನ ಎಲೆಗೇ ಮತ್ತೆ ಹೋಳಿಗೆ ಬಡಿಸಿದ ಹಾಗಾಯಿತು. ಹಸಿದವರು ಪಂಕ್ತಿಯ ಕೊನೆಯಲ್ಲಿ ಇದ್ದೇವೆ.

ದೂರದರ್ಶನದ್ದೇ ಪುಕ್ಕಟೆ ಉಪಗ್ರಹ ಸೇವೆ ಫ್ರೀ ಡಿಶ್ ಇದೆಯಲ್ಲ ಅನ್ನುತ್ತೀರಿ. ಇದೆ, ನನಗೂ ಅದರ ಮೇಲೆ ಗೌರವ ಇದೆ. 2004ರ ಡಿಸೆಂಬರ್‌ನಲ್ಲಿ 33 ಚಾನೆಲ್‌ಗಳೊಂದಿಗೆ ಬೇರೆ ಹೆಸರಲ್ಲಿ ಶುರುವಾದದ್ದು ಈಗ ದೇಶದ ನಾಲ್ಕು ಕೋಟಿಗೂ ಹೆಚ್ಚು ಮನೆಗಳಲ್ಲಿದೆ ಎಂದು ಅಂದಾಜು. ಆದರೆ ರಿಮೋಟ್ ಒತ್ತುತ್ತಾ ಹೋಗಿ ನೋಡಿ. ಹಿಂದಿ, ಹಿಂದಿ, ಭೋಜಪುರಿ, ಮತ್ತೆ ಹಿಂದಿ. ಕನ್ನಡಕ್ಕೆ ನೆಚ್ಚಬಹುದಾದದ್ದು ಚಂದನ. ಅಲ್ಲಿ ಖಾಸಗಿ ಚಾನೆಲ್‌ಗಳಿಗೆ ಜಾಗ ಹರಾಜಿನಲ್ಲಿ ಸಿಗುತ್ತದೆ. ದುಡ್ಡು ಇರುವ ಕಡೆಗೆ ಜಾಗ ಹೋಗುತ್ತದೆ, ಅಷ್ಟೇ. ಇಡೀ ದೇಶಕ್ಕೆ ಒಂದೇ ಉಪಗ್ರಹ ಇದ್ದಾಗ ಹೊಸನಗರದ ಮಾತು ಕೇಳುವವರು ಯಾರು?

ಊರಿನ ಟವರ್‌ನ ನಿಜವಾದ ಲಾಭ ಇರುವುದು ಇಲ್ಲೇ. ಶಿವಮೊಗ್ಗದ ಟವರ್ ಶಿವಮೊಗ್ಗದ ಸುತ್ತಲಿನವರಿಗೆ ಮಾತ್ರ. ಹಾಗಾಗಿ ನಮ್ಮ ಸುದ್ದಿಯನ್ನೇ ಹಾಕಬಹುದು. ಮಳೆಗಾಲದಲ್ಲಿ ಇಲ್ಲಿ ಇಬ್ಬರು ಎದುರಾದರೆ ಮೊದಲ ಮಾತು ಲಿಂಗನಮಕ್ಕಿ ಡ್ಯಾಮಿನದ್ದು. ತುಂಬಲು 1819 ಅಡಿಗೆ ಇನ್ನೆಷ್ಟು ಬಾಕಿ? ಭದ್ರೆ 186 ಮುಟ್ಟಿತಾ? ಗಾಜನೂರಿನಲ್ಲಿ ಗೇಟು ತೆಗೆದರಾ? ಸಾಗರದ ಪೇಟೆಯಲ್ಲಿ ರಾಶಿ ಅಡಿಕೆ ಎಷ್ಟಾಯಿತು? ಔಷಧಿ ಹೊಡೆಯಲು ಎರಡು ದಿನ ಬಿಸಿಲು ಸಿಗುತ್ತಾ? ಕೊಳೆರೋಗಕ್ಕೆ ಬೋರ್ಡೋ ಹೊಡೆಯುವವನಿಗೆ ದೆಹಲಿಯ ಹವಾಮಾನ ಕಟ್ಟಿಕೊಂಡು ಏನು?

2020 ನೆನಪಿದೆಯಾ? ಶಾಲೆ ಮುಚ್ಚಿತ್ತು. ಜುಲೈನಲ್ಲಿ ಚಂದನದಲ್ಲಿ ಸೇತುಬಂಧ ಪಾಠ ಶುರುವಾಯಿತು. ಒಳ್ಳೆಯ ಕೆಲಸ. ಆದರೆ ನಮ್ಮಲ್ಲಿ ಅದು ಸರಿಯಾಗಿ ಪುಷ್ಯ ಮಳೆಯ ಹೊತ್ತು. ಪಾಠ ಅರ್ಧ, ನೀಲಿ ಪರದೆ ಅರ್ಧ. ಮೊಬೈಲ್‌ನಲ್ಲಿ ನೋಡೋಣ ಅಂದರೆ ನೆಟ್‌ವರ್ಕ್ ಸಿಗುವುದು ಗುಡ್ಡದ ನೆತ್ತಿಯಲ್ಲಿ. ಪಕ್ಕದ ಮನೆಯ ಹುಡುಗಿ ಕೊಡೆ ಹಿಡಿದು ಅಲ್ಲಿಗೆ ಹೋಗಿ ಬರುತ್ತಿದ್ದಳು. ಪಾಠಕ್ಕಿಂತ ಜಾಸ್ತಿ ಇಂಬಳ ಕಚ್ಚಿದ ಗಾಯ ತರುತ್ತಿದ್ದಳು. ಟವರ್ ಪ್ರಸಾರಕ್ಕೆ ಇನ್ನೊಂದು ಗುಣ ಇದೆ. ಒಬ್ಬ ನೋಡಲಿ, ಒಂದು ಲಕ್ಷ ಜನ ನೋಡಲಿ, ಅದು ಜಾಮ್ ಆಗುವುದಿಲ್ಲ. ಇಂಟರ್ನೆಟ್ ಹಾಗಲ್ಲ ಅಲ್ವಾ?

ಇನ್ನು ಬೆಟ್ಟದ ಮಾತು. ಹಳೆಯ ಕಾಲದಲ್ಲಿ ಸಿಗ್ನಲ್ ಗುಡ್ಡಕ್ಕೆ ತಾಗಿ ತಡವಾಗಿ ಬಂದರೆ ಪರದೆಯಲ್ಲಿ ಒಬ್ಬನ ಹಿಂದೆ ಇನ್ನೊಬ್ಬ ನೆರಳಿನಂತೆ ನಿಲ್ಲುತ್ತಿದ್ದ. ಡಿಜಿಟಲ್‌ನಲ್ಲಿ ಹೀಗಾಗುವುದಿಲ್ಲ. ಸ್ವಲ್ಪ ತಡವಾಗಿ ಬಂದ ಅಲೆಯನ್ನೂ ಪೆಟ್ಟಿಗೆ ಸೇರಿಸಿಕೊಂಡು ಬಳಸುತ್ತದೆ. ಅದೇ ಕಾರಣಕ್ಕೆ, ಸಿಗ್ನಲ್ ಮುಟ್ಟದ ಕಡೆ ಅದೇ ತರಂಗಾಂತರದಲ್ಲಿ ಸಣ್ಣ ಮರುಪ್ರಸಾರ ಟವರ್ ಹಾಕಬಹುದು. ಕೊಡಚಾದ್ರಿಯ ಮೇಲೆ ಬೇಡ, ಅಲ್ಲಿ ಜೀಪಿನ ಗಲಾಟೆಯೇ ಸಾಕು. ಬೇರೆ ಗುಡ್ಡಗಳಿಗೆ ನಮ್ಮಲ್ಲಿ ಬರ ಇಲ್ಲ.

ವಿರೋಧ: ಏಣಿ ಹತ್ತಿದವನ ಮಾತು ಕೇಳಿ

ನಾನು ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಆಂಟೆನಾ ಕಟ್ಟಿದ್ದೇನೆ, ಆಮೇಲೆ ಡಿಶ್ ಕೂರಿಸಿದ್ದೇನೆ. ಪಾಚಿ ಹಿಡಿದ ಹೆಂಚಿನ ಮೇಲೆ ಎರಡು ಸಲ ಜಾರಿದ್ದೇನೆ. ಮೇಲಿನವರು ಹೇಳಿದ್ದರಲ್ಲಿ ಬಹಳಷ್ಟು ಸರಿ. ಆದರೆ ಅವರು ಗುಡ್ಡವನ್ನು ಕೊನೆಯ ನಾಲ್ಕು ಸಾಲಿಗೆ ಇಟ್ಟುಕೊಂಡರು. ನಾನು ಅಲ್ಲಿಂದಲೇ ಶುರು ಮಾಡುತ್ತೇನೆ.

ಟವರ್ ಸಿಗ್ನಲ್ ನೆಲಕ್ಕೆ ಸಮಾನಾಂತರವಾಗಿ ಬರುತ್ತದೆ, ರಸ್ತೆ ಮೇಲಿನ ಬಸ್ಸಿನ ಹೆಡ್‌ಲೈಟ್ ಹಾಗೆ. 150 ಮೀಟರ್ ಎತ್ತರದ ಟವರ್, 10 ಮೀಟರ್ ಎತ್ತರದ ಆಂಟೆನಾ ಅಂತ ಇಟ್ಟುಕೊಳ್ಳಿ. ಬಯಲಿನಲ್ಲಿ ಲೆಕ್ಕದ ಪ್ರಕಾರ ಸುಮಾರು 60 ಕಿಲೋಮೀಟರ್ ತನಕ ಒಂದಕ್ಕೊಂದು ಕಾಣುತ್ತವೆ. ಹೊನ್ನಾಳಿ, ಚನ್ನಗಿರಿ ಕಡೆಗೆ ಈ ಲೆಕ್ಕ ಸರಿ. ಆದರೆ ತೀರ್ಥಹಳ್ಳಿ, ಹೊಸನಗರದ ಕಥೆ ಬೇರೆ. ಇಲ್ಲಿ ತೋಟ ಇರುವುದೇ ಎರಡು ಗುಡ್ಡಗಳ ನಡುವಿನ ಕಣಿವೆಯಲ್ಲಿ, ನೀರು ಹರಿಯುವ ಜಾಗದಲ್ಲಿ. ಮನೆ ತೋಟದ ತಲೆಯಲ್ಲಿ, ಗುಡ್ಡದ ಬುಡದಲ್ಲಿ. ಅಜ್ಜಂದಿರು ಗಾಳಿ, ನೀರು, ಸೊಪ್ಪಿನ ಬೆಟ್ಟ ನೋಡಿ ಮನೆ ಕಟ್ಟಿದರು. ಟಿವಿ ಟವರ್ ನೋಡಿ ಕಟ್ಟಲಿಲ್ಲ. ಹೆಬ್ಬಿದಿರಿನ ಮೇಲೆ ಇನ್ನೊಂದು ಹೆಬ್ಬಿದಿರು ಕಟ್ಟಿದರೂ ಗುಡ್ಡದ ನೆತ್ತಿ ದಾಟುವುದಿಲ್ಲ.

ಈಗ ಡಿಶ್ ನೋಡಿ. ಫ್ರೀ ಡಿಶ್ ಬರುವ ಜಿಸ್ಯಾಟ್-15 ಉಪಗ್ರಹ ಇರುವುದು 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ. ನಮ್ಮ ಜಿಲ್ಲೆಯಿಂದ ನೋಡಿದರೆ ಅದು ಆಗ್ನೇಯಕ್ಕೆ, ನೆಲದಿಂದ 63 ಡಿಗ್ರಿ ಮೇಲೆ. ಕುತ್ತಿಗೆ ನೋಯುವಷ್ಟು ತಲೆ ಎತ್ತಬೇಕು. ಅಷ್ಟು ಎತ್ತರಕ್ಕೆ ನಮ್ಮ ಯಾವ ಗುಡ್ಡವೂ ಅಡ್ಡ ಬರುವುದಿಲ್ಲ. ಬಂದರೆ ಅಡಿಕೆ ಮರದ ತಲೆ ಬರುತ್ತದೆ, ಡಿಶ್ಶನ್ನು ಎರಡು ಮಾರು ಆಚೆ ಇಟ್ಟರೆ ಆಯಿತು. ಕಣಿವೆಯ ಮನೆಗೆ ತೆರೆದಿರುವುದು ಆಕಾಶ ಒಂದೇ.

ಡಿಜಿಟಲ್‌ನ ಇನ್ನೊಂದು ಗುಣ ಅವರು ಹೇಳಲಿಲ್ಲ. ಅನಲಾಗ್ ಕಾಲದಲ್ಲಿ ಸಿಗ್ನಲ್ ಅರ್ಧ ಬಂದರೆ ಚಿತ್ರವೂ ಅರ್ಧ ಬರುತ್ತಿತ್ತು. ಪರದೆ ತುಂಬಾ ರವೆ ಚೆಲ್ಲಿದ ಹಾಗೆ ಕಂಡರೂ ಒಳಗೆ ಮನುಷ್ಯ ಕಾಣುತ್ತಿದ್ದ, ಮಾತು ಕೇಳುತ್ತಿತ್ತು. ಜನ ಅದರಲ್ಲೇ ಕ್ರಿಕೆಟ್ ನೋಡಿದರು. ಚೆಂಡು ಎಲ್ಲಿ ಹೋಯಿತು ಅಂತ ಊಹೆ ಮಾಡುವುದೇ ಅರ್ಧ ಆಟ. ಡಿಜಿಟಲ್‌ನಲ್ಲಿ ಆ ಸಲುಗೆ ಇಲ್ಲ. ಒಂದು ಮಟ್ಟದ ತನಕ ಚಿತ್ರ ಕನ್ನಡಿ ಹಾಗೆ. ಅದಕ್ಕಿಂತ ಒಂದು ಕೂದಲು ಕಮ್ಮಿಯಾದರೆ ಕತ್ತಲೆ. ಹಳೆಯ ಟವರ್‌ನಿಂದ ರವೆ ಚಿತ್ರ ನೋಡುತ್ತಿದ್ದ ಮನೆಗಳಿಗೆ ಹೊಸ ಟವರ್‌ನಿಂದ ಏನೂ ಸಿಗದೆ ಹೋಗಬಹುದು. ದೂರದರ್ಶನ ಹಿಂದೆ ಜಾಸ್ತಿ ಬಳಸಿದ್ದು ವಿಎಚ್‌ಎಫ್ ಎಂಬ ಇನ್ನೂ ಉದ್ದದ ಅಲೆ. ಅದು ಗುಡ್ಡದ ಅಂಚಿನಲ್ಲಿ ಸ್ವಲ್ಪವಾದರೂ ಬಾಗಿ ಇಳಿಯುತ್ತಿತ್ತು. ಈ ಅರ್ಧ ಮೀಟರ್‌ನ ಯುಎಚ್‌ಎಫ್ ಅಲೆ ಅಷ್ಟು ಬಾಗುವುದಿಲ್ಲ.

ಮಳೆ ಮುಟ್ಟುವುದಿಲ್ಲ ಅನ್ನುವುದೂ ಅರ್ಧ ಸತ್ಯ. ಹನಿ ಮುಟ್ಟುವುದಿಲ್ಲ, ಒಪ್ಪಿದೆ. ಆದರೆ ಸಿಗ್ನಲ್ ಕಾಡಿನ ಮೂಲಕ ಬರಬೇಕಲ್ಲ? ಒಣಗಿದ ಮರಕ್ಕಿಂತ ನೆನೆದ ಹಸಿರು ಎಲೆ ಯುಎಚ್‌ಎಫ್ ಅನ್ನು ಜಾಸ್ತಿ ತಿನ್ನುತ್ತದೆ. ಆರಿದ್ರಾದಿಂದ ಆಶ್ಲೇಷಾ ತನಕ ನಮ್ಮಲ್ಲಿ ಎಲೆ ಒಣಗುವುದು ಯಾವಾಗ?

ಡಿಶ್ ಮಳೆಗೆ ನಿಲ್ಲುವುದು ನಿಜ. ಆದರೆ ನಾನು ಹೋಗಿ ನೋಡಿದ ಎಷ್ಟೋ ಮನೆಗಳಲ್ಲಿ ಮಳೆಯ ತಪ್ಪು ಇರಲಿಲ್ಲ. ಕನೆಕ್ಟರ್ ಒಳಗೆ ನೀರು ಇಳಿದಿತ್ತು. ಗಾಳಿಗೆ ಡಿಶ್ ಒಂದು ಬೆರಳು ತಿರುಗಿತ್ತು. ಒಂದು ಕಡೆ ಎಲ್‌ಎನ್‌ಬಿ, ಅಂದರೆ ಡಿಶ್ ಮುಂದೆ ಸಿಗ್ನಲ್ ಹಿಡಿಯುವ ಭಾಗ, ಅದರ ಮೂತಿಯಲ್ಲಿ ಕಣಜ ಗೂಡು ಕಟ್ಟಿತ್ತು. ಅದೂ ಬೇಡ, ಮಳೆಯೇ ಕಾರಣ ಅನ್ನಿ. 60 ಸೆಂಟಿಮೀಟರ್ ಡಿಶ್ ತೆಗೆದು 90ರದ್ದು ಹಾಕಿಸಿ. ಅಡ್ಡಳತೆ ಒಂದೂವರೆ ಪಟ್ಟು, ಅಲೆ ಹಿಡಿಯುವ ಜಾಗ ಎರಡೂಕಾಲು ಪಟ್ಟು. ಕುಂಭದ್ರೋಣ ಸುರಿದರೆ ಅದೂ ನಿಲ್ಲುತ್ತದೆ, ಆದರೆ ಬರೀ ಜೋರು ಮಳೆಗೆ ನಿಲ್ಲುವುದಿಲ್ಲ. ಒಂದು ಮನೆಗೆ ಒಂದು ದೊಡ್ಡ ಡಿಶ್ ಸಾಕಾಗುವ ಕೆಲಸಕ್ಕೆ ಜಿಲ್ಲೆಗೆ ಟವರ್ ಕೇಳುವುದು ಇಲಿ ಹಿಡಿಯಲು ಗುಡ್ಡ ಅಗೆದ ಹಾಗೆ.

ಸಣ್ಣ ಮರುಪ್ರಸಾರ ಟವರ್ ಹಾಕಬಹುದಂತೆ. ಹಾಕಬಹುದು. ಒಂದು ಕಣಿವೆಗೆ ಒಂದು ಬೇಕು. ಪಕ್ಕದ ಕಣಿವೆಗೆ ಇನ್ನೊಂದು. ಅದಕ್ಕೆ ಗುಡ್ಡದ ತುದಿಗೆ ಕರೆಂಟು, ಬ್ಯಾಟರಿ, ಸಿಡಿಲಿನಿಂದ ರಕ್ಷಣೆ, ನೋಡಿಕೊಳ್ಳಲು ಜನ. ದುಡ್ಡು ಬರುವ ಮೊಬೈಲ್ ಟವರ್‌ಗಳೇ ಡೀಸೆಲ್ ಇಲ್ಲದೆ ದಿನಗಟ್ಟಲೆ ಮಲಗುತ್ತವೆ. ರಸ್ತೆಗೆ ಮರ ಬಿದ್ದ ದಿನ, ಪುಕ್ಕಟೆ ಟಿವಿಯ ಟವರ್ ಎಬ್ಬಿಸಲು ಯಾರು ಗುಡ್ಡ ಹತ್ತುತ್ತಾರೆ?

ದೂರದರ್ಶನವೇ ಈ ದಾರಿಯಿಂದ ಹಿಂದೆ ಸರಿದದ್ದೂ ಸುಮ್ನೆ ಅಲ್ಲ. ಒಂದು ಕಾಲಕ್ಕೆ ದೇಶದಲ್ಲಿ 1400ಕ್ಕೂ ಹೆಚ್ಚು ಟಿವಿ ಟವರ್ ಇದ್ದವು. ಆಯಕಟ್ಟಿನ ಜಾಗದ ಸುಮಾರು 50 ಬಿಟ್ಟು ಉಳಿದವನ್ನು 2022ರ ಮಾರ್ಚ್ ಒಳಗೆ ನಿಲ್ಲಿಸುವುದಾಗಿ, ದೂರದರ್ಶನ ನಡೆಸುವ ಪ್ರಸಾರ ಭಾರತಿ 2021ರಲ್ಲಿ ಹೇಳಿತು. ನೋಡುವವರು ಆಗಲೇ ಡಿಶ್‌ಗೆ ಹೋಗಿಯಾಗಿತ್ತು. ಇನ್ನು ಆ 16 ನಗರಗಳ ಡಿಜಿಟಲ್ ಪ್ರಸಾರ. ಬೆಂಗಳೂರಿನಲ್ಲಿರುವ ನಿಮ್ಮ ಮಗನನ್ನೋ ತಂಗಿಯನ್ನೋ ಕೇಳಿ ನೋಡಿ, ಡಿವಿಬಿ-ಟಿ2 ನೋಡುತ್ತೀಯಾ ಅಂತ. ಅದೇನು ಹೊಸ ವೈರಸ್ಸಾ ಅನ್ನುತ್ತಾರೆ.

ಕನ್ನಡದ ವಿಷಯದಲ್ಲಿ ನಾನು ಪೂರ್ತಿ ಅವರ ಕಡೆ. ಫ್ರೀ ಡಿಶ್‌ನಲ್ಲಿ ನಮಗೆ ಆಗಿರುವುದು ಅನ್ಯಾಯವೇ. ಆದರೆ ಅದು ಟವರ್ ಇಲ್ಲದ ಕಾರಣಕ್ಕೆ ಆದದ್ದಲ್ಲ. ಹರಾಜಿನ ನಿಯಮದಿಂದ ಆದದ್ದು. ಕನ್ನಡಕ್ಕೆ ಇಷ್ಟು ಜಾಗ ತೆಗೆದಿಡಿ ಅಂತ ಅಲ್ಲೇ ಜಗಳ ಆಡಬೇಕು. ಗೆದ್ದರೆ ಬೀದರಿನಿಂದ ಚಾಮರಾಜನಗರದ ತನಕ ಎಲ್ಲರಿಗೂ ಸಿಗುತ್ತದೆ.

ಡ್ಯಾಮಿನ ಸುದ್ದಿ, ನೆರೆ ಸುದ್ದಿಗೆ ಊರಿನದ್ದೇ ದನಿ ಬೇಕು ಅನ್ನುವುದೂ ನಿಜ. ಆ ದನಿ 1965ರಿಂದ ಇದೆ. ಅದರ ಹೆಸರು ಆಕಾಶವಾಣಿ ಭದ್ರಾವತಿ. 675 ಕಿಲೋಹರ್ಟ್ಸ್‌ನ ಮೀಡಿಯಂ ವೇವ್ ಅಲೆ 400 ಮೀಟರ್‌ಗಿಂತ ಉದ್ದ. ಅದು ನೆಲಕ್ಕೆ ಅಂಟಿಕೊಂಡು ಗುಡ್ಡ ಹತ್ತಿ ಇಳಿದು ಬರುತ್ತದೆ. ಅದಕ್ಕೆ ಮಾಡಿನ ಮೇಲೆ ಆಂಟೆನಾ ಬೇಡ. ಎರಡು ಸೆಲ್ ಹಾಕಿದ ರೇಡಿಯೊ ಸಾಕು, ಇನ್ವರ್ಟರ್ ಸತ್ತ ಮೂರನೇ ದಿನವೂ ಮಾತಾಡುತ್ತದೆ. ಟಿವಿ ಟವರ್‌ಗೆ ಹಾಕುವ ದುಡ್ಡಿನಲ್ಲಿ ಒಂದು ಪಾಲನ್ನು ಆ ಕೇಂದ್ರಕ್ಕೆ ಹಾಕಿ, ಮಳೆಗಾಲದಲ್ಲಿ ಗಂಟೆಗೊಮ್ಮೆ ಜಿಲ್ಲೆಯ ಸುದ್ದಿ ಓದಿಸಲಿ. ನನಗೆ ಅಷ್ಟು ಸಾಕು.

ನಾಳೆ ಶಿವಮೊಗ್ಗದಿಂದ ಡಿಜಿಟಲ್ ಪ್ರಸಾರ ಶುರುವಾದರೆ ಆಂಟೆನಾ ಕಟ್ಟಲು ನನ್ನನ್ನೇ ಕರೆಯುತ್ತಾರೆ, ಗೊತ್ತು. ಕೆಲಸ ಸಿಕ್ಕರೆ ಬೇಡ ಅನ್ನುವುದಿಲ್ಲ, ಹೋಗುತ್ತೇನೆ. ಆದರೆ ಮನೆ ಗುಡ್ಡದ ಬುಡದಲ್ಲಿದ್ದರೆ ಅಂಗಳದಲ್ಲೇ ನಿಂತು ಹೇಳಿಬಿಡುತ್ತೇನೆ, ಏಣಿ ತರಬೇಡಿ, ಒಂದು ಲೋಟ ಕಾಫಿ ತನ್ನಿ ಅಂತ.